ಸೋಯಾ ಇದ್ದಲ್ಲಿ ತೊಗರಿ ಬರೆದೆವು

ನಮ್ಮ ಪಡಸಾಲೆಯ ಗೋಡೆಗೆ ಒಂದು ರಟ್ಟಿನ ಬೋರ್ಡು ತೂಗುಹಾಕಿದ್ದೇವೆ. ‘ಸಂಜೆ 6ರಿಂದ 8.30. ರವಿವಾರ ಬಂದ್.’ ಊರಿನ ಹುಡುಗರು ಅದನ್ನು ನೋಡಿ ನಗುತ್ತಾರೆ. “ಬ್ಯಾಂಕಿನವ್ರಿಗಿಂತ ಜೋರ್ ಆದ್ರಲ್ಲ ಅಕ್ಕಾ ನೀವು” ಅಂತಾರೆ. ಎರಡು ವರ್ಷದ ಹಿಂದೆ ಈ ಬೋರ್ಡು ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ಬಂದು ಬಾಗಿಲು ಬಡಿದರೂ ಎದ್ದು ಕಂಪ್ಯೂಟರ್ ಚಾಲೂ ಮಾಡುತ್ತಿದ್ದೆವು. ಬೋರ್ಡು ಯಾಕೆ ಬಂತು ಅನ್ನುವುದನ್ನು ಊರಲ್ಲಿ ಎಲ್ಲರಿಗೂ ಬಾಯಿಬಿಟ್ಟು ಹೇಳಿಲ್ಲ. ಇಲ್ಲಿ ಹೇಳುತ್ತೇವೆ.

ನಾವು ಅಂದರೆ ಗಂಡ ಹೆಂಡತಿ. ಇಬ್ಬರೂ ಕಲಬುರಗಿಯಲ್ಲಿ ಪತ್ರಿಕೋದ್ಯಮ ಓದಿದವರು. ಓದುವಾಗ ದೊಡ್ಡ ದೊಡ್ಡ ಮಾತಾಡುತ್ತಿದ್ದೆವು. ಈಗ ನಮ್ಮಲ್ಲೊಬ್ಬರು ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುತ್ತೇವೆ, ಇನ್ನೊಬ್ಬರು ಹತ್ತಿರದ ಊರಿನ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮನೆಯಲ್ಲಿ ಅಪ್ಪ, ಅವ್ವ, ಏಳು ವರ್ಷದ ಮಗಳು, ಒಂದು ಎಮ್ಮೆ.

ಊರು ಗೋರ್ಟಾ (ಬಿ). ಹೆಸರಿನ ಮುಂದಿನ ‘ಬಿ’ ಬುಜುರ್ಗ್ ಅನ್ನುವುದರ ತುಂಡು, ಹಿರಿಯದು ಅಂತ ಅರ್ಥ. 1948ರ ಮೇ ತಿಂಗಳಲ್ಲಿ ರಜಾಕಾರರು ಇಲ್ಲಿ ಮಾಡಿದ ಕಗ್ಗೊಲೆಯಿಂದ ನಮ್ಮೂರನ್ನು ಹೊರಗಿನವರು ಬಲ್ಲರು. 2023ರ ಮಾರ್ಚ್‌ನಲ್ಲಿ ಹುತಾತ್ಮರ ಸ್ಮಾರಕದ ಉದ್ಘಾಟನೆ ಆಯಿತು, ದೆಹಲಿಯಿಂದ ಗೃಹ ಸಚಿವರು ಬಂದಿದ್ದರು. ಪ್ರತಿ ಸೆಪ್ಟೆಂಬರ್ 17 ಹತ್ತಿರ ಬಂದಾಗ ಬೆಂಗಳೂರಿನಿಂದ ಯಾರೋ ಫೋನ್ ಮಾಡುತ್ತಾರೆ: “ಸ್ಮಾರಕದ ಎರಡು ವಿಡಿಯೋ, ಹಿರಿಯರೊಬ್ಬರ ಬೈಟ್ ಕಳಿಸ್ತೀರಾ?” ಕಳಿಸುತ್ತೇವೆ. ದುಡ್ಡಿನ ಮಾತು ಅವರೂ ಎತ್ತುವುದಿಲ್ಲ, ನಾವೂ ಎತ್ತುವುದಿಲ್ಲ. ನಾವು ಕಲಿತ ವಿದ್ಯೆಗೆ ಊರಲ್ಲಿ ಕೂತು ಸಿಗುವ ಕೆಲಸ ಸದ್ಯಕ್ಕೆ ಇಷ್ಟೇ. ಹೊಟ್ಟೆಗೆ ಬೇರೆಯದು ಬೇಕು.

ಅಪ್ಪನಿಗೆ ಎದೆನೋವು ಬಂದು ಸೋಲಾಪುರದ ಆಸ್ಪತ್ರೆಗೆ ಒಯ್ದಾಗ ಶುರುವಾದದ್ದು ಇದೆಲ್ಲ. ನಮ್ಮ ಕಡೆ ದೊಡ್ಡ ರೋಗ ಅಂದರೆ ಸೋಲಾಪುರ, ಇಲ್ಲವೇ ಹೈದರಾಬಾದ್. ಅಪ್ಪ ನಡೆದುಕೊಂಡು ಮನೆಗೆ ಬಂದರು, ಅದೇ ದೊಡ್ಡದು. ಆದರೆ ಬಂಗಾರ ಅಡವಿಟ್ಟದ್ದು, ಸಂಘದಲ್ಲಿ ಎತ್ತಿದ್ದು, ಕೈಗಡ ಎಲ್ಲಾ ಸೇರಿ ಸಾಲ 3 ಲಕ್ಷ 10 ಸಾವಿರಕ್ಕೆ ನಿಂತಿತು. ಕಾರ್ಖಾನೆಯ ಪಗಾರ ಮನೆಗೆ ಸರಿಹೋಗುತ್ತಿತ್ತು. ಅತಿಥಿ ಶಿಕ್ಷಕಿಯ ಗೌರವಧನ ರಜೆಯ ತಿಂಗಳಿಗೆ ಬರುವುದಿಲ್ಲ, ಬರುವ ತಿಂಗಳಲ್ಲೂ ತಡವಾಗಿ ಬರುತ್ತದೆ. ಸಂಘದ ಕಂತು ಮಾತ್ರ ವಾರ ತಪ್ಪುವುದಿಲ್ಲ.

ಹೀಗಾಗಿ ಮೊದಲು ಪಡಸಾಲೆಯಲ್ಲಿ ಆನ್‌ಲೈನ್ ಸೆಂಟರ್ ಇಟ್ಟೆವು. ಹಳೆಯ ಕಂಪ್ಯೂಟರ್, ಒಂದು ಪ್ರಿಂಟರ್. ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ, ಪಹಣಿ, ಝೆರಾಕ್ಸ್, ಪರೀಕ್ಷೆ ಅರ್ಜಿ, ಬೆಳೆ ವಿಮೆ. ಆಮೇಲೆ ಎಮ್ಮೆ ಬಂತು. ಆಮೇಲೆ ಓದುವಾಗ ಇಬ್ಬರೂ ದುಡ್ಡು ಕೂಡಿಸಿ ತಗೊಂಡಿದ್ದ ಕ್ಯಾಮೆರಾ ಪೆಟ್ಟಿಗೆಯಿಂದ ಹೊರಬಂದು ಮದುವೆ ಶೂಟಿಂಗಿಗೆ ಹೊರಟಿತು. ಸುದ್ದಿ ಮಾಡಲೆಂದು ತಗೊಂಡ ಕ್ಯಾಮೆರಾ ಅದು. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಫೋಕಸ್ ಮಾಡುವುದನ್ನು ಅದು ನಮಗಿಂತ ಬೇಗ ಕಲಿಯಿತು.

ಯಾರಾದರೂ ಕೇಳಿದರೆ ‘ಸೈಡ್ ಬಿಸಿನೆಸ್’ ಅನ್ನುತ್ತಿದ್ದೆವು. ಒಂದು ದಿನ ಅವ್ವ ಕೇಳಿದಳು, “ಮೂರೂ ಕಡಿ ಸೈಡೇ ಆದ್ರ ನಡಬರಕ ಏನ್ ಉಳೀತು?”

ನಡುವೆ ಉಳಿದದ್ದು ನಿದ್ದೆ. ಅದನ್ನೇ ಕಡಿದು ಕಡಿದು ಉಳಿದದ್ದಕ್ಕೆಲ್ಲ ಹಂಚಿದೆವು.

ಕಾರ್ಖಾನೆಯಲ್ಲಿ ಶಿಫ್ಟು ವಾರ ವಾರ ಬದಲಾಗುತ್ತದೆ. ಬೆಳಿಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ 10, ರಾತ್ರಿ 10ರಿಂದ 6. ಹೋಗಲು ಬೈಕಿನ ಮೇಲೆ ಒಂದು ತಾಸು, ಬರಲು ಒಂದು ತಾಸು. ವಾರಕ್ಕೆ 48 ಗಂಟೆ ಕೆಲಸ, 12 ಗಂಟೆ ದಾರಿ. ಅಲ್ಲಿಗೇ 60. ಅದರ ಮೇಲೆ ಸೆಂಟರ್, ಮದುವೆ. ಶಾಲೆಗೆ ಹೋಗುವವರದ್ದು ಗಂಟೆಯ ಲೆಕ್ಕ ಕಡಿಮೆ ಕಾಣುತ್ತದೆ. ರೊಟ್ಟಿ ಬಡಿಯುವುದು, ಬಟ್ಟೆ, ಮಗಳ ಅಭ್ಯಾಸ, ಅಪ್ಪನ ಗುಳಿಗೆ, ಇವನ್ನು ಲೆಕ್ಕಕ್ಕೆ ಹಿಡಿಯದ ಕಾರಣ ಹಾಗೆ ಕಾಣುತ್ತದೆ, ಅಷ್ಟೇ.

1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ವಾರಕ್ಕೆ 48 ಗಂಟೆ ಅಂತ ಒಂದು ಗೆರೆ ಇದೆ. ಅದರಾಚೆ ದುಡಿಸಿದರೆ ದುಪ್ಪಟ್ಟು ಕೂಲಿ ಕೊಡಬೇಕು. ಆ ಗೆರೆ ಸುಮ್ಮನೆ ಬಂದದ್ದಲ್ಲ, ಎಷ್ಟೋ ದೇಶಗಳ ಕಾರ್ಮಿಕರು ಹೊಡೆದಾಡಿ ತಂದದ್ದು. ಆದರೆ ಗೇಟು ದಾಟಿ ಹೊರಬಂದರೆ ನಮಗೆ ನಾವೇ ಮಾಲೀಕರು, ನಾವೇ ಆಳು. ಈ ಮಾಲೀಕನಷ್ಟು ನಿರ್ದಯಿ ಮಾಲೀಕನನ್ನು ನಾವು ಬೇರೆಲ್ಲೂ ಕಂಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಒಂದು ಲೆಕ್ಕ ಹೊರಗೆ ತಂದವು: ವಾರಕ್ಕೆ 35-40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಮೀರಿ ದುಡಿಯುವವರಿಗೆ ಪಾರ್ಶ್ವವಾಯು ಹೊಡೆಯುವ ಅಪಾಯ ಸುಮಾರು 35 ಶೇಕಡ ಹೆಚ್ಚು, ಹೃದಯದ ಕಾಯಿಲೆಯಿಂದ ಸಾಯುವ ಅಪಾಯ 17 ಶೇಕಡ ಹೆಚ್ಚು. ನಾವು ಆ ಸುದ್ದಿಯನ್ನು ಆಗಲೇ ಓದಿದ್ದೆವು. ಅಪ್ಪನ ಎದೆಯ ಸಾಲ ತೀರಿಸಲು ನಮ್ಮ ಎದೆ ಒತ್ತೆ ಇಡುತ್ತಿದ್ದೇವೆ ಅನ್ನುವುದು ಮಾತ್ರ ಹೊಳೆಯಲಿಲ್ಲ.

ದಣಿವು ಒಮ್ಮೆಲೇ ಬರುವುದಿಲ್ಲ. ಮೊದಲು ಸಿಟ್ಟು ಬರುತ್ತದೆ. ಐದು ರೂಪಾಯಿ ಝೆರಾಕ್ಸಿಗೆ ಬಂದವರ ಮೇಲೆ ಸಿಟ್ಟು, ಹಾಲು ಕಡಿಮೆ ಕೊಟ್ಟ ಎಮ್ಮೆಯ ಮೇಲೆ ಸಿಟ್ಟು. ಆಮೇಲೆ ಸಿಟ್ಟೂ ಹೋಗುತ್ತದೆ. ಯಾರು ಏನು ಹೇಳಿದರೂ ‘ಹೂಂ’. ಊಟ ರುಚಿ ಹತ್ತುವುದಿಲ್ಲ. ಇಬ್ಬರೂ ಒಂದೇ ಮನೆಯಲ್ಲಿದ್ದು ವಾರಗಟ್ಟಲೆ ಮಾತು ಅಂದರೆ ಬರೀ “ಚಾವಿ ಎಲ್ಲದ”, “ಪೇಪರ್ ಮುಗದದ”.

ಆ ವರ್ಷ ಮಗಳ ಟೀಚರ್ ನಮ್ಮನ್ನು ಕರೆಸಿದರು. ಹುಡುಗಿ ಜಾಣಿ, ಆದರೆ ಪಾಠ ಓದು ಅಂದರೆ ಪಿಸುಮಾತಿನಲ್ಲಿ ಓದುತ್ತಾಳೆ, ಕಿವಿ ಹತ್ತಿರ ಒಯ್ದರೂ ಕೇಳುವುದಿಲ್ಲ, ಒಮ್ಮೆ ಡಾಕ್ಟರಿಗೆ ತೋರಿಸಿ ಅಂದರು. ಡಾಕ್ಟರಿಗೆ ತೋರಿಸುವಂಥದ್ದು ಏನೂ ಇರಲಿಲ್ಲ. ಮನೆಯಲ್ಲಿ ಹಗಲಿಡೀ ಯಾರಾದರೊಬ್ಬರು ಮಲಗಿರುತ್ತಿದ್ದೆವು, “ಶ್... ಮೆಲ್ಲಗ” ಅನ್ನುತ್ತಿದ್ದೆವು. ಅವಳು ಮೆಲ್ಲಗೆ ಮಾತಾಡುವುದನ್ನೇ ಮಾತಾಡುವುದು ಅಂತ ತಿಳಿದಿದ್ದಳು.

ಇಷ್ಟಾದರೂ ನಾವು ನಿಲ್ಲಲಿಲ್ಲ.

ಮೇ ತಿಂಗಳು, ಮದುವೆಗಳ ಗದ್ದಲ. ಹಗಲೆಲ್ಲ ಒಂದು ಮದುವೆ ಶೂಟ್ ಮಾಡಿ, ಸಂಜೆ ಎರಡು ತಾಸು ಅಡ್ಡಾಗಿ, ರಾತ್ರಿ ಶಿಫ್ಟ್ ಮುಗಿಸಿ ಬೆಳಿಗ್ಗೆ ಬೈಕಿನ ಮೇಲೆ ಬರುವಾಗ ಒಂದು ಕಿಲೋಮೀಟರ್ ಕಲ್ಲು ಕಂಡದ್ದು ನೆನಪಿದೆ. ಆಮೇಲೆ ನೆನಪಿರುವುದು ಹೊಲದ ಮಣ್ಣು. ಬೈಕು ರಸ್ತೆ ಬಿಟ್ಟು ಬದುವಿಗೆ ಬಡಿದು ಬಿದ್ದಿತ್ತು. ಹೊಸದಾಗಿ ಹರಗಿದ ಹೊಲ, ಮಣ್ಣು ಮೆತ್ತಗಿತ್ತು. ಮೊಣಕಾಲು ಕೆತ್ತಿತು, ಕನ್ನಡಿ ಒಡೆಯಿತು, ಅಷ್ಟೇ.

ಎತ್ತಿ ಕೂರಿಸಿದ ಹಿರಿಯರು ಮೂಗು ಹತ್ತಿರ ತಂದು ಕೇಳಿದರು, “ಕುಡ್ದಿ ಏನ್ ತಮ್ಮಾ?”

“ಇಲ್ಲ ಕಾಕಾ. ನಿದ್ದಿ ಬಂತು.”

“ಎರಡೂ ಒಂದೇ ತಗೋ.”

ಕಾಕಾ ಹೇಳಿದ್ದು ವಿಜ್ಞಾನಿಗಳೂ ಹೇಳುವ ಮಾತು. 17 ತಾಸು ಸತತ ಎಚ್ಚರ ಇದ್ದವರ ಕೈ-ಕಣ್ಣು, ರಕ್ತದಲ್ಲಿ 0.05 ಶೇಕಡ ಮದ್ಯ ಇರುವವರ ಹಾಗೆ ತಡವರಿಸುತ್ತವೆ ಎಂದು ಪ್ರಯೋಗ ಮಾಡಿ ನೋಡಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಹೊಡೆಯುವವರಿಗೆ ಕಾಯ್ದೆ ಬಿಟ್ಟಿರುವುದು 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿ ಗ್ರಾಂ, ಅಂದರೆ 0.03. ರಾತ್ರಿ ಶಿಫ್ಟ್ ಮುಗಿಸಿ ಬರುವ ನಮ್ಮಂಥವರ ಬಾಯಿಗೆ ಪೊಲೀಸರ ಯಂತ್ರ ಹಿಡಿದರೆ ಸೊನ್ನೆ ತೋರಿಸುತ್ತದೆ. ನಿದ್ದೆ ಅಳೆಯುವ ಯಂತ್ರ ಇನ್ನೂ ಅವರ ಕೈಗೆ ಬಂದಿಲ್ಲ.

ಅವ್ವನಿಗೆ ‘ನಾಯಿ ಅಡ್ಡ ಬಂತು’ ಅಂತ ಸುಳ್ಳು ಹೇಳಿದೆವು. ಮೂರನೇ ದಿನ ಮತ್ತೊಂದು ಮದುವೆಗೆ ಹೋದೆವು.

ಜುಲೈ ಕೊನೆಯ ವಾರ ಬಂತು. ಸೆಂಟರ್ ಇಟ್ಟವರಿಗೆ ಜುಲೈ ಅಂದರೆ ಏನು ಅಂತ ಗೊತ್ತು. ಮುಂಗಾರಿನ ಬೆಳೆ ವಿಮೆಗೆ ಅರ್ಜಿ ಹಾಕುವ ಕಡೆಯ ದಿನಗಳು. ರೈತ ಕಟ್ಟುವುದು ವಿಮೆ ಮೊತ್ತದ 2 ಶೇಕಡ, ಉಳಿದದ್ದು ಕೇಂದ್ರ ಮತ್ತು ರಾಜ್ಯ ಸರ್ಕಾರ ತುಂಬುತ್ತವೆ. ಕಡೆಯ ದಿನದವರೆಗೆ ಮಳೆ ನೋಡಿ, ಬಿತ್ತಿದ್ದು ಹುಟ್ಟಿತೋ ಇಲ್ಲವೋ ನೋಡಿ, ಆಮೇಲೆ ಊರಿಗೆ ಊರೇ ಒಮ್ಮೆಲೇ ಬರುತ್ತದೆ. ಸರ್ವರ್ ಆಗ ಮುದುಕರ ಹಾಗೆ ನಿಂತು ನಿಂತು ನಡೆಯುತ್ತದೆ.

ಆ ರಾತ್ರಿ ಪಡಸಾಲೆಯಲ್ಲಿ, ಕಟ್ಟೆಯ ಮೇಲೆ, ಅಂಗಳದಲ್ಲಿ ಸೇರಿ ಇಪ್ಪತ್ತೆರಡು ಜನ. ನಮ್ಮಲ್ಲೊಬ್ಬರು ಶಾಲೆ ಮುಗಿಸಿ ಸಂಜೆ ಐದಕ್ಕೆ ಕೂತವರು. ಇನ್ನೊಬ್ಬರು ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಬಂದು ನೇರ ಕುರ್ಚಿಗೆ ಕೂತವರು. ಒಬ್ಬರು ಹೇಳುವುದು, ಒಬ್ಬರು ಬರೆಯುವುದು. ಹನ್ನೆರಡರ ಮೇಲೆ ನಮ್ಮ ಓಣಿಯ ಕಾಕಾನ ಸರದಿ ಬಂತು. ನಾಲ್ಕು ಎಕರೆ, ಅಷ್ಟಕ್ಕೂ ಸೋಯಾ. ಅವರ ಮುಂಚೆ ಬಂದ ಮೂವರದ್ದು ತೊಗರಿ. ಪಟ್ಟಿಯಲ್ಲಿ ಬೆರಳು ಮೊದಲಿನ ಜಾಗಕ್ಕೇ ಹೋಯಿತು. ತೊಗರಿ.

ಆ ಬೆರಳು ಯಾರದ್ದು ಅನ್ನುವುದು ನಮಗಿಬ್ಬರಿಗೂ ಗೊತ್ತು. ಬರೆಯುವುದಿಲ್ಲ.

ಪ್ರಿಂಟರಿನ ಶಾಯಿ ಮುಗಿದಿತ್ತು. “ಚೀಟಿ ನಾಳಿ ಕೊಡ್ತೀವಿ ಕಾಕಾ” ಅಂದೆವು. ನಾಲ್ಕು ದಿನ ಬಿಟ್ಟು ಕೊಟ್ಟೆವು. ಓದದೆ ಕೊಟ್ಟೆವು. ಕಾಕಾ ಓದಲು ಬಾರದವರು, ಮಡಚಿ ಪಾಸ್‌ಬುಕ್ಕಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡರು.

ಸೆಪ್ಟೆಂಬರಿನಲ್ಲಿ ಕಾಯಿ ಬಲಿತು ಕೊಯ್ಯುವ ಹೊತ್ತಿಗೆ ಮಳೆ ಹಿಡಿಯಿತು. ಸೋಯಾ ಹೊಲದಲ್ಲೇ ಮೊಳಕೆ ಒಡೆಯಿತು. ಆ ವಾಸನೆ ನಮ್ಮ ಕಡೆಯವರಿಗೆ ಹೇಳಿ ಕೊಡಬೇಕಿಲ್ಲ.

ಮುಂದಿನ ವರ್ಷ ಪರಿಹಾರದ ಮೆಸೇಜು ಬರತೊಡಗಿದವು. ಪಕ್ಕದ ಹೊಲದವರಿಗೆ ನಾಲ್ಕು ಎಕರೆಗೆ 22 ಸಾವಿರ ಬಂತು. ಕಾಕಾ ದಿನಾ ಬೆಳಿಗ್ಗೆ ಫೋನು ತಂದು ತೋರಿಸುತ್ತಿದ್ದರು. “ನೋಡವ್ವಾ, ಬಂದದೇನ್?” ಹದಿನೈದು ದಿನ ಹೀಗೆ. ಕೊನೆಗೆ ಸಂರಕ್ಷಣೆ ಪೋರ್ಟಲ್‌ನಲ್ಲಿ ಅರ್ಜಿ ನಂಬರ್ ಹಾಕಿ ನೋಡಿದೆವು. ಬೆಳೆ ತಾಳೆಯಾಗಿಲ್ಲ. ಕಾಕಾನ ಪ್ಲಾಸ್ಟಿಕ್ ಚೀಲದ ಚೀಟಿ ಬಿಚ್ಚಿದೆವು. ನಮ್ಮದೇ ಪ್ರಿಂಟರಿನ ಅಕ್ಷರ: ತೊಗರಿ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಇಲ್ಲಿ ಹೇಳಿಬಿಡುತ್ತೇವೆ, ನಿಮಗೂ ಬೇಕಾದೀತು. ವಿಮೆ ಅರ್ಜಿಯಲ್ಲಿ ಬರೆದ ಬೆಳೆ ಒಂದು ಕಡೆ. ಹೊಲಕ್ಕೆ ಬಂದು ಮೊಬೈಲಿನಲ್ಲಿ ಫೋಟೋ ಹೊಡೆದು ಮಾಡುವ ಬೆಳೆ ಸಮೀಕ್ಷೆ ಇನ್ನೊಂದು ಕಡೆ. ಎರಡೂ ಕೂಡಬೇಕು. ಕೂಡದಿದ್ದರೆ ಅರ್ಜಿ ತಳ್ಳಿಹೋಗುತ್ತದೆ. ಸಮೀಕ್ಷೆಯಲ್ಲಿ ತಪ್ಪು ಬಿದ್ದಿದ್ದರೆ ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ ಹೊತ್ತಿಗೆ ಸರಿಯಾಗಿ ತಕರಾರು ಹಾಕಬಹುದು. ಕಾಕಾನ ವಿಷಯದಲ್ಲಿ ಸಮೀಕ್ಷೆ ಬರೋಬ್ಬರಿ ಇತ್ತು. ತಪ್ಪು ಅರ್ಜಿಯಲ್ಲಿತ್ತು. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಕೇಳಿದೆವು, ಈಗ ಮಾಡುವಂಥದ್ದು ಏನೂ ಇಲ್ಲ ಅಂದರು. ಅವರದ್ದೇನೂ ತಪ್ಪಿಲ್ಲ.

ಆ ಸಂಜೆ ಕಾಕಾನ ಮನೆಗೆ ಇಬ್ಬರೂ ಹೋದೆವು. ಹೇಳದೆಯೂ ಇರಬಹುದಿತ್ತು. ‘ಸರ್ಕಾರದ ಕೆಲಸ, ಹಂಗೇ’ ಅಂದಿದ್ದರೆ ಕಾಕಾ ನಂಬುತ್ತಿದ್ದರು, ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ದಾರಿಯಲ್ಲಿ ಆ ಮಾತು ನಮ್ಮ ನಡುವೆ ಬಂದೂ ಹೋಯಿತು. ಸುಳ್ಳು ಹೇಳುವುದಿಲ್ಲ.

ಹೇಳಿದ ಮೇಲೆ ಕಾಕಾ ತುಸು ಹೊತ್ತು ಸುಮ್ಮನಿದ್ದರು. ಆಮೇಲೆ, “ನೀವ್ ನಿದ್ದಿಗಣ್ಣಾಗ ಬರದ್ರಿ. ನಾ ನಿದ್ದಿಗಣ್ಣಾಗ ಹೂಂ ಅಂದೆ” ಅಂದರು. ಕಾಕು ಒಳಗಿನಿಂದ, “ಆ ರೊಕ್ಕದ ಮ್ಯಾಲ ಬೀಜ-ಗೊಬ್ಬರ ಉದ್ರಿ ತಂದೀವಿ” ಅಂದರು. ಸಿಟ್ಟಿನಲ್ಲಿ ಅನ್ನಲಿಲ್ಲ. ಅದೇ ಕಷ್ಟ ಆಯಿತು.

22 ಸಾವಿರ ನಾವು ಕೊಡುತ್ತೇವೆ ಅಂದೆವು. ಕಾಕಾ ಬೇಡ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಕ್ಯಾಮೆರಾ ಮಾರಿದೆವು. ಬಸವಕಲ್ಯಾಣದಲ್ಲಿ ಸ್ಟುಡಿಯೋ ಇಟ್ಟ ಒಬ್ಬರು 28 ಸಾವಿರಕ್ಕೆ ತಗೊಂಡರು. ಕೊಡುವ ಮುಂಚೆ ಮೆಮೊರಿ ಕಾರ್ಡ್ ಖಾಲಿ ಮಾಡುವಾಗ ನೋಡಿದರೆ ಒಂದೂ ಸುದ್ದಿಯ ಫೋಟೋ ಇರಲಿಲ್ಲ.

ನಮಗೆ ಇಂದಿಗೂ ವಿಚಿತ್ರ ಅನ್ನಿಸುವುದು ಇದು: ಬೈಕಿನಿಂದ ಬಿದ್ದಾಗ ನಾವು ನಿಲ್ಲಲಿಲ್ಲ. ಮಗಳು ಪಿಸುಗುಟ್ಟಿದಾಗ ನಿಲ್ಲಲಿಲ್ಲ. ಬೇರೆಯವರ ನಾಲ್ಕು ಎಕರೆ ಕೈಬಿಟ್ಟಾಗ ನಿಂತೆವು. ನಮ್ಮ ದಣಿವನ್ನು ನಾವು ನಮ್ಮ ಸ್ವಂತದ್ದು ಅಂತ ತಿಳಿದಿದ್ದೆವು, ಯಾರಿಗೂ ಲೆಕ್ಕ ಕೊಡಬೇಕಿಲ್ಲದ್ದು ಅಂತ.

ಆ ರವಿವಾರ ಒಂದು ನೋಟ್‌ಬುಕ್ ತಗೊಂಡು ಕೂತೆವು. ಯಾವುದರಿಂದ ಎಷ್ಟು ಬರುತ್ತದೆ ಅನ್ನುವುದು ಬಾಯಿಪಾಠ ಇತ್ತು. ಎಷ್ಟು ತಾಸು ಹೋಗುತ್ತದೆ ಅಂತ ಎಂದೂ ಬರೆದಿರಲಿಲ್ಲ. ಸೆಂಟರಿನಲ್ಲಿ ತಿಂಗಳಿಗೆ 9,400 ಬರುತ್ತಿತ್ತು. ಪೇಪರ್, ಶಾಯಿ, ನೆಟ್, ಕರೆಂಟ್ ತೆಗೆದರೆ 5,400. ಇಬ್ಬರ ತಾಸು ಸೇರಿ 150. ತಾಸಿಗೆ 36 ರೂಪಾಯಿ. ಮದುವೆ ಒಂದಕ್ಕೆ ಖರ್ಚು ಕಳೆದು 5,500. ಶೂಟಿಂಗ್, ಎಡಿಟಿಂಗ್, ಆಲ್ಬಮ್ ಸೇರಿ 50 ತಾಸು, ಅಂದರೆ ತಾಸಿಗೆ 110. ಎಮ್ಮೆಯದು ಹಿಂಡಿ, ಮೇವು ತೆಗೆದು ತಿಂಗಳಿಗೆ 3,900. 90 ತಾಸು, ತಾಸಿಗೆ 43.

ಲೆಕ್ಕದ ಪ್ರಕಾರ ಹೋದರೆ ಮದುವೆ ಇಟ್ಟುಕೊಂಡು ಉಳಿದದ್ದು ಬಿಡಬೇಕಿತ್ತು. ಆದರೆ ಮದುವೆಯ ತಾಸು ನಮ್ಮ ಕೈಯಲ್ಲಿಲ್ಲ, ಮುಹೂರ್ತದ ಕೈಯಲ್ಲಿದೆ. ಅದು ಶಿಫ್ಟ್ ನೋಡಿ ಬರುವುದಿಲ್ಲ. ಎರಡು ಕೆಲಸ ಒಂದೇ ಮೈಗೆ ಹೊಂದಬೇಕಾದರೆ ಎರಡನೆಯದು ನಾವು ಹೇಳಿದ ಹೊತ್ತಿಗೆ ಶುರುವಾಗಿ ನಾವು ಹೇಳಿದ ಹೊತ್ತಿಗೆ ಮುಗಿಯುವಂಥದ್ದು ಇರಬೇಕು ಅಂತ ನಮಗೆ ಆ ದಿನ ಕಂಡಿತು. ಹೇಗೂ ಕ್ಯಾಮೆರಾ ಹೋಗಿತ್ತು.

ಎಮ್ಮೆಯ ಲೆಕ್ಕ ಮಾಡುವಾಗ ಇನ್ನೊಂದು ಗೊತ್ತಾಯಿತು. ಆ 90 ತಾಸಿನಲ್ಲಿ ನಮ್ಮದು 20. ಉಳಿದ 70 ಅವ್ವನದು. ಸೆಗಣಿ ಬಳಿಯುವುದು, ಮೇವು ಹಾಕುವುದು, ಹಿಂಡುವುದು, ಹಾಲು ಡೈರಿಗೆ ಒಯ್ಯುವುದು ಎಲ್ಲ ಅವಳು. ನಾವು ‘ನಮ್ಮ ಸೈಡ್ ಬಿಸಿನೆಸ್’ ಅನ್ನುತ್ತಿದ್ದುದು ಅರುವತ್ತೆರಡು ವರ್ಷದ ಹೆಂಗಸಿನ ಬೆನ್ನು. ದುಡ್ಡು ನಮ್ಮ ಖಾತೆಗೆ ಬರುತ್ತಿತ್ತು. ಮೂರು ಕಡೆಯೂ ಸೈಡೇ ಆದರೆ ಅಂತ ಅವಳು ಕೇಳಿದ್ದರಲ್ಲಿ ಇದೂ ಇತ್ತೇನೋ, ನಮಗೆ ಕೇಳಿಸಿರಲಿಲ್ಲ.

ಎಮ್ಮೆ ಮಾರೋಣವಾ ಅಂದರೆ ಅವ್ವ ಸಿಟ್ಟಿಗೆದ್ದಳು. “ನೀವ್ ಇಬ್ರೂ ಮನಿಯಾಗ ಇರಲ್ರಿ. ಅದೊಂದೇ ನನ್ನ ಕೂಡ ಮಾತಾಡ್ತದ.” ಈಗ ಡೈರಿಯ ಖಾತೆ ಅವಳ ಹೆಸರಿಗಿದೆ. ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನವೂ ಅವಳ ಖಾತೆಗೇ. ಮೇವು ಹೊತ್ತು ತರುವುದು ನಮ್ಮ ಪಾಲಿಗೆ ಬಂದಿದೆ. ಸಾಲದ ಕಂತಿಗೆ ಕಡಿಮೆ ಬಿದ್ದರೆ ಅವಳ ಹತ್ತಿರ ಕೇಳಿ ಇಸಿದುಕೊಳ್ಳುತ್ತೇವೆ, ಬರೆದಿಟ್ಟುಕೊಳ್ಳುತ್ತಾಳೆ. ಬರೆಯುವುದು ಅಂದರೆ ಗೋಡೆಗೆ ಇದ್ದಲಿಯಿಂದ ಗೀಟು.

ಸೆಂಟರಿಗೆ ಬೋರ್ಡು ಬಂದದ್ದು ಹೀಗೆ. ಮೊದಲ ತಿಂಗಳು ಜನ ಬಯ್ದರು. ಆಮೇಲೆ ಆರಕ್ಕೇ ಬರತೊಡಗಿದರು. ರಾತ್ರಿ ಬರುತ್ತಿದ್ದವರು ರಾತ್ರಿ ಬರುತ್ತಿದ್ದುದು ನಾವು ರಾತ್ರಿ ತೆಗೆದಿರುತ್ತಿದ್ದೆವು ಅಂತ, ಬೇರೆ ಕಾರಣ ಇರಲಿಲ್ಲ! ಈಗ ತಿಂಗಳಿಗೆ 65 ತಾಸು ಕೂರುತ್ತೇವೆ, ಉಳಿಯುವುದು 4,300. ತಾಸಿಗೆ 66 ಬಿತ್ತು. ಒಟ್ಟು ದುಡ್ಡು ಕಡಿಮೆಯೇ. ಮದುವೆಯದ್ದಂತೂ ಪೂರ್ತಿ ಹೋಯಿತು. ಸಾಲ ಈ ಹೊತ್ತಿಗೆ ತೀರಬೇಕಿತ್ತು, ಇನ್ನೂ 85 ಸಾವಿರ ಇದೆ. ಅದನ್ನು ಮುಚ್ಚಿಟ್ಟು ನಿಮಗೆ ಉಪದೇಶ ಮಾಡಿದರೆ ಮೋಸ ಆಗುತ್ತದೆ.

ಬೇರೆ ಒಂದೆರಡು ಬದಲಾವಣೆ. ರಾತ್ರಿ ಶಿಫ್ಟಿನ ವಾರ ಶಿಫ್ಟಿಗೆ ಹೋಗುವವರು ಸೆಂಟರಿನ ಕುರ್ಚಿ ಮುಟ್ಟುವುದಿಲ್ಲ. ಬೆಳಿಗ್ಗೆ ಕಣ್ಣು ಎಳೆದರೆ ಹುಮನಾಬಾದಿನಲ್ಲೇ ಚಹಾ ಕುಡಿದು, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಅರ್ಧ ತಾಸು ಒರಗಿ ಆಮೇಲೆ ಹೊರಡುವುದು. ಅರ್ಜಿ ಕಳಿಸುವ ಬಟನ್ ಒತ್ತುವ ಮುಂಚೆ ಸರ್ವೆ ನಂಬರ್, ಬೆಳೆ, ಖಾತೆ ನಂಬರ್ ಜೋರಾಗಿ ಓದಿ ಹೇಳುತ್ತೇವೆ, ಎದುರಿನವರು ತಿರುಗಿ ಹೇಳಬೇಕು. ಈ ಓದುವ ಕೆಲಸ ಮಗಳಿಗೆ ಬಹಳ ಇಷ್ಟ. ಕೆಲವೊಮ್ಮೆ ಅವಳೇ ಓದುತ್ತಾಳೆ, ಅಂಗಳಕ್ಕೆ ಕೇಳುವ ಹಾಗೆ.

ನೌಕರಿಯ ಜೊತೆ ಏನಾದರೂ ಶುರುಮಾಡಬೇಕು ಅಂತ ಇರುವವರು ಒಂದು ಕಾಗದ ನೋಡಿಕೊಳ್ಳಿ. ಖಾಸಗಿಯವರಾದರೆ ನೇಮಕಾತಿ ಪತ್ರದಲ್ಲಿ ಬೇರೆ ಕೆಲಸ ಮಾಡಬಾರದು ಅಂತ ಒಂದು ಸಾಲು ಇರಬಹುದು, ಎಷ್ಟೋ ಜನ ಓದದೆ ಸಹಿ ಹಾಕಿರುತ್ತೇವೆ. ಖಾಯಂ ಸರ್ಕಾರಿ ನೌಕರರಿಗೆ ರಾಜ್ಯದ ನಾಗರಿಕ ಸೇವಾ ನಡತೆ ನಿಯಮಗಳಿವೆ. ಅನುಮತಿ ಇಲ್ಲದೆ ವ್ಯಾಪಾರ, ಬೇರೆ ನೌಕರಿ ಮಾಡುವಂತಿಲ್ಲ. ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ.

ನಾವಿರುವುದು ಕಲ್ಯಾಣದ ಮಗ್ಗುಲಲ್ಲಿ. ಇಲ್ಲಿ ಕಾಯಕದ ಮಾತು ಆಫೀಸು, ಶಾಲೆ, ಲಾರಿ ಹಿಂದೆ, ಎಲ್ಲ ಕಡೆ ಬರೆದಿದೆ. ನಮ್ಮ ಪಡಸಾಲೆಯಲ್ಲೂ ಒಂದು ಕ್ಯಾಲೆಂಡರ್ ಇದೆ. ರಾತ್ರಿ ಹನ್ನೆರಡಕ್ಕೆ ಕೂತು ದುಡಿಯುವಾಗ ಅದನ್ನು ನೋಡಿ ನಾವೇನೋ ದೊಡ್ಡದು ಮಾಡುತ್ತಿದ್ದೇವೆ ಅಂತ ಧೈರ್ಯ ತಂದುಕೊಂಡದ್ದುಂಟು. ಆದರೆ ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿ ಹೇಳಿದ ಆಯ್ದಕ್ಕಿ ಮಾರಯ್ಯನ ಮನೆಯಲ್ಲೇ ಏನಾಯಿತು ಅನ್ನುವುದನ್ನು ಯಾರೂ ಕ್ಯಾಲೆಂಡರಿನಲ್ಲಿ ಹಾಕುವುದಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು, ಹೆಚ್ಚೇ ತಂದ. ಬಸವಣ್ಣನವರೇ ಬೇಕೆಂದು ಚೆಲ್ಲಿಸಿದ್ದರು ಅಂತಲೂ ಕಥೆ ಹೇಳುತ್ತಾರೆ. ಮನೆಗೆ ತಂದಾಗ ಹೆಂಡತಿ ಲಕ್ಕಮ್ಮ ನೋಡಿದಳು. ಇದು ನಮ್ಮ ದಿನದ ಪಾಲಲ್ಲ, ಒಯ್ದು ಅಲ್ಲೇ ಸುರಿದು ಬಾ ಅಂದಳು. ಮಾರಯ್ಯ ತಿರುಗಿ ಹೋದ. ಚಿಕ್ಕಂದಿನಿಂದ ಕೇಳಿದ ಕಥೆ. ನಾವು ಅದನ್ನು ಬರೀ ದುರಾಸೆಯ ಕಥೆ ಅಂತ ತಿಳಿದಿದ್ದೆವು. ಆ ಹೆಚ್ಚಿನ ಅಕ್ಕಿ ಆಯಲು ಮಾರಯ್ಯ ಅಂಗಳದಲ್ಲಿ ಎಷ್ಟು ಹೊತ್ತು ಬಗ್ಗಿ ನಿಂತಿದ್ದನೋ, ಮನೆಯಲ್ಲಿ ಲಕ್ಕಮ್ಮ ಎಷ್ಟು ಹೊತ್ತು ದಾರಿ ನೋಡಿದಳೋ ಅಂತ ಈಗ ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ತೊಂದರೆ ಏನಾಗಿತ್ತೆಂದರೆ ಇಬ್ಬರೂ ಮಾರಯ್ಯರಾಗಿದ್ದೆವು.

ಬೋರ್ಡಿನ ಮಾತು ನಾವು ಪೂರ್ತಿ ಪಾಲಿಸುತ್ತೇವೆ ಅಂತಲ್ಲ. ಕಳೆದ ಜೂನ್‌ನಲ್ಲಿ ಕಾಲೇಜು ಸೇರುವ ಹುಡುಗಿಯೊಬ್ಬಳ ಕಡೆಯ ದಿನ ಅಂತ ಹತ್ತೂವರೆವರೆಗೆ ಕೂತೆವು. ಸಂಘದ ಕಂತು ಹತ್ತಿರ ಬಂದ ವಾರ ಕೈ ಕೆರೆಯುತ್ತದೆ, ಯಾರೋ ಬೀದರಿನಿಂದ ಮದುವೆಗೆ ಕ್ಯಾಮೆರಾ ಬಾಡಿಗೆ ಕೊಡುತ್ತೇನೆ ಅಂದಾಗ ಒಂದು ರಾತ್ರಿ ಅದೇ ಮಾತಾಡಿದೆವು. ಆಮೇಲೆ ನೋಟ್‌ಬುಕ್ ತೆಗೆದು ನೋಡಿ ಮುಚ್ಚಿಟ್ಟೆವು.

ಜುಲೈ ಮತ್ತೆ ಬಂತು. ಈ ಸಲ ಕಾಕಾ ಇನ್ನೂ ಹತ್ತು ದಿನ ಇರುವಾಗಲೇ ಸಂಜೆ ಏಳಕ್ಕೆ ಪ್ಲಾಸ್ಟಿಕ್ ಚೀಲ ಹಿಡಿದು ಬಂದರು. ಬೇರೆ ಸೆಂಟರಿಗೆ ಹೋಗುತ್ತಾರೆ ಅಂತ ನಾವು ತಿಳಿದಿದ್ದೆವು. ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರವೇ ಕೂತರು, ಓದಲು ಬರುವವರ ಹಾಗೆ.

“ಏನದ ಬೆಳಿ?” ಅಂದೆವು.

“ಸೋಯಾ. ನಾಲ್ಕೂ ಎಕರೆ.”

ಮಗಳು ಓದಿದಳು, “ಸೋ-ಯಾ-ಬೀ-ನ್.”

“ಇನ್ನೊಮ್ಮಿ ಓದವ್ವಾ.”

ಓದಿದಳು. ಮೂರನೇ ಸಲವೂ ಓದಿಸಿದರು. ಆಮೇಲೆ ನಮ್ಮಿಬ್ಬರ ಮುಖ ನೋಡಿ, ಬಟನ್ ಒತ್ತಲು ಹೋದ ಕೈ ಹಿಡಿದು ಕೇಳಿದರು, “ಉಂಡೀರೇನ್?”

“ಇಲ್ಲ ಕಾಕಾ, ಇದೊಂದು ಮುಗಿಸಿ...”

“ಮೊದ್ಲ ಉಂಡ್ ಬರ್ರಿ. ನಾ ಇಲ್ಲೇ ಕುಂತಿರ್ತೀನಿ.”